ಹರಿಯಬೇಕಿದ್ದ ದಾರ

ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಮಗನೇ, ನಿನಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತು. ಕೆಲಸ ಹೆಚ್ಚೆಂದು ನೆಪ ಹೇಳುವುದಿಲ್ಲ. ನೆಪ ಹೇಳುವವರನ್ನು ನಾನು ಎಂದೂ ಸಹಿಸಿದವಳಲ್ಲ.

ನಿಮ್ಮ ಶಿಬಿರದ ಮುತ್ತಿಗೆ ಮುರಿದ ಸುದ್ದಿ ಬಂದಾಗ ನಾನೂ ನನ್ನ ಕೈಕೆಳಗಿನ ಹೆಂಗಸರೂ ಪ್ಯಾರಾಶೂಟ್ ಹೊಲಿಯುವ ಶೆಡ್ಡಿನಲ್ಲಿದ್ದೆವು. ನಿಮ್ಮನ್ನು ಬಿಡಿಸಲು ಹೊರಟ ಪಡೆ ಎರಡು ಸಲ ಸೇತುವೆಯ ಹತ್ತಿರದಿಂದಲೇ ಹಿಂದಿರುಗಿತ್ತಲ್ಲ, ಮೂರನೇ ಸಲವೂ ಅದನ್ನೇ ಕೇಳಬೇಕೇನೋ ಎಂದು, ರೇಡಿಯೋ ಗರಗರ ಅಂದಾಗಲೆಲ್ಲ ಅದರ ತಲೆಗೆ ಮೊಟಕುತ್ತಿದ್ದೆ. "ಅದಕ್ಯಾಕೆ ಹೊಡೀತೀರಮ್ಮಾ, ಅದೇನು ನಮ್ ಹಾಗೆ ಓರೆ ಹೊಲಿಗೆ ಹಾಕಿದ್ಯಾ?" ಎಂದಳು ಇಸ್ತ್ರಿಯವಳು. ಎಲ್ಲರೂ ನಕ್ಕರು. ಅಷ್ಟರಲ್ಲಿ ಶಿಬಿರಕ್ಕೆ ದಾರಿ ತೆರೆಯಿತು, ಗಾಯಾಳುಗಳನ್ನು ಲಾರಿಗಳಲ್ಲಿ ಕರೆತರುತ್ತಿದ್ದಾರೆ ಎಂದು ಹೇಳಿದರು. ನಾನು ಅಳಲಿಲ್ಲ. ಮಿಷನ್ನಿಗೆ ಎಣ್ಣೆ ಬಿಟ್ಟೆ. ಆಗಲೇ ಬಿಟ್ಟಿದ್ದೆ, ಮತ್ತೆ ಬಿಟ್ಟೆ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. ವಿಮಾನದಿಂದ ಇಳಿಸಿದ ಪೆಟ್ಟಿಗೆಗಳಲ್ಲಿ ಒಂದರ ಪ್ಯಾರಾಶೂಟ್ ಅರಳಲೇ ಇಲ್ಲ, ಔಷಧಿಯ ಸೀಸೆಗಳೆಲ್ಲ ಪುಡಿಯಾದವು, ಅವು ಸಿಕ್ಕಿದ್ದರೆ ನಿನ್ನ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದರು. "ಅದು ನಿಮ್ಮ ಶೆಡ್ಡಿಂದಲೇ ಬಂದದ್ದಂತೆ. ಕಟ್ಟಿದ್ದು ಯಾರಮ್ಮಾ?" ಎಂದು ಕೇಳಿದ್ದೀಯ.

ಪಡೆಯವರು ಆ ಪ್ಯಾರಾಶೂಟನ್ನು ವಾಪಸು ತಂದಿದ್ದರು. ತನಿಖೆಗೆ ಬಂದ ಅಧಿಕಾರಿ ಅದನ್ನು ನನ್ನ ಮುಂದಿಟ್ಟು, "ನೋಡೀಮ್ಮಾ, ಕಟ್ಟು ಬಿಚ್ಚೇ ಇಲ್ಲ" ಎಂದರು. ಮಡಿಸಿದ ಬಟ್ಟೆಯನ್ನು ತೆಳು ನೂಲಿನಲ್ಲಿ ಕಟ್ಟಬೇಕು. ಪೆಟ್ಟಿಗೆಯ ಭಾರಕ್ಕೆ ಅದು ಹರಿದರೇನೇ ಪ್ಯಾರಾಶೂಟ್ ಅರಳುವುದು. ಇದಕ್ಕೆ ಗಟ್ಟಿ ದಾರ ಬಿದ್ದಿತ್ತು. ಅದಕ್ಕೆ ಹಚ್ಚಿದ್ದ ಚೀಟಿಯ ಮೇಲೆ ಒಂಬತ್ತನೇ ಮೇಜಿನ ಸಂಖ್ಯೆ. ಆ ಮೇಜಿನ ಹುಡುಗಿ ಎದ್ದು ನಿಂತು, "ಅಮ್ಮಾ, ಆವತ್ತು ನಾನು..." ಎಂದಳು.

"ಬಾಯಿ ಮುಚ್ಚು. ಕತ್ತರಿ ಅಲ್ಲಿಡು, ನಡಿ" ಎಂದೆ.

ಹೋದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ನಿನ್ನೆ ಬೀದಿಯಲ್ಲಿ ಎದುರಾದಳು. ಬೈಯುತ್ತಾಳೆಂದುಕೊಂಡೆ. "ಅಣ್ಣ ಹೇಗಿದಾರಮ್ಮಾ?" ಎಂದಳು, ಅಷ್ಟೇ.

ಊಟ ಬಿಡಬೇಡ. ನರ್ಸುಗಳ ಮೇಲೆ ರೇಗಬೇಡ. ಆ ಗುಣ ನನ್ನಿಂದ ಬಂದದ್ದು, ಆಸ್ಪತ್ರೆಯಲ್ಲೇ ಬಿಟ್ಟು ಬಾ. ನೂರು ವರ್ಷ ಬಾಳು.

ನಿನ್ನ ಅಮ್ಮ

ತಾ.ಕ.: ಆ ಪ್ಯಾರಾಶೂಟ್ ಕಟ್ಟಿದ ದಿನ ಆ ಹುಡುಗಿ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಅವಳ ಮೇಜಿನಲ್ಲಿ ಕೂತವಳು ನಾನು. ಪೆಟ್ಟಿಗೆ ನಿಮ್ಮ ಶಿಬಿರಕ್ಕೆ ಹೋಗುವುದೆಂದು ತಿಳಿದ ಮೇಲೆ ಆ ನೂಲು ತೀರಾ ಬಡಕಲಾಗಿ ಕಂಡಿತು. ನಡುದಾರಿಯಲ್ಲೇ ಬಿಚ್ಚಿಹೋದರೆ ಗತಿಯೇನು ಅನ್ನಿಸಿತು. ನಿಯಮ ಗೊತ್ತಿತ್ತು, ನನ್ನ ಕೈ ನಿಯಮಕ್ಕಿಂತ ದೊಡ್ಡದು ಅಂದುಕೊಂಡೆ. ನೂಲು ಬಿಟ್ಟು ಗಟ್ಟಿ ದಾರವನ್ನು ಎರಡೆಳೆ ಮಾಡಿ, ಮೇಣ ಸವರಿ ಕಟ್ಟಿದೆ.

ಈ ಕಾಗದ ಅಂಚೆಗೆ ಹಾಕಿ ಅವಳ ಮನೆಗೆ ಹೋಗುತ್ತೇನೆ, ಅಲ್ಲಿಂದ ಅವಳನ್ನು ಕರೆದುಕೊಂಡು ಅಧಿಕಾರಿಯ ಹತ್ತಿರ. ಆ ದಾರದ ಒಂದು ತುಂಡು ನನ್ನ ಬಳಿ ಇದೆ. ಈಗಷ್ಟೇ ಎರಡು ಕೈಯಲ್ಲೂ ಹಿಡಿದು ಎಳೆದು ನೋಡಿದೆ. ಹರಿಯಲಿಲ್ಲ.