ಯಜಮಾನರ ಜ್ಞಾಪಕಶಕ್ತಿ

ಫೆಬ್ರವರಿ 3, ಸಂಜೆ

ಇಂದು ನಾಲ್ಕು ಚೀಟಿ. ಲೈಟಿನಣ್ಣ — ಮಗಳು ಹತ್ತನೇ ಕ್ಲಾಸು, ಲೆಕ್ಕದಲ್ಲಿ ಹಿಂದೆ. ಬಡಗಿ — ಬಲ ಮೊಣಕಾಲು. ಟಿಕೆಟ್ ಕಿಟಕಿಯವಳು — ತಮ್ಮನಿಗೆ ಕೆಲಸ ಸಿಕ್ಕಿದೆ. ಡ್ರಮ್ಮಿನವನು — ಹೆಂಡತಿ ತವರಿಗೆ ಹೋಗಿ ತಿಂಗಳಾಯಿತು. ಕೊನೆಯದನ್ನು ಮ್ಯಾನೇಜರಮ್ಮ ಹರಿದು ಹಾಕಿದರು. "ಅಲ್ಲೇನೋ ಜಗಳ ಇರುತ್ತೆ ಕಣೇ. ಕೇಳಿದ್ರೆ ಖುಷಿಯಾಗೋ ಅಂಥದ್ದು ಬರಿ."

ಒಂಬತ್ತಕ್ಕೆ ಯಜಮಾನರ ರೌಂಡು. ಏಣಿಯ ಕೆಳಗೆ ನಿಂತು ಕತ್ತೆತ್ತಿದರು. "ಏನಪ್ಪಾ, ಮಗಳು ಲೆಕ್ಕದ ಜತೆ ರಾಜಿ ಆದಳಾ?" ಲೈಟಿನಣ್ಣ ಏಣಿಯಿಂದ ಬೀಳುವುದೊಂದು ಬಾಕಿ. ಊಟದ ಹೊತ್ತಿಗೆ ಥಿಯೇಟರಿನ ತುಂಬಾ ಅದೇ ಮಾತು. ಇನ್ನೂರು ಜನ ಕೆಲಸ ಮಾಡುವ ಶೋ ಕಂಪನಿ, ಒಬ್ಬೊಬ್ಬರ ಮನೆಯ ಕಥೆಯೂ ಅವರ ತಲೆಯಲ್ಲಿದೆಯಂತೆ. ಹುಟ್ಟುಗುಣವಂತೆ.

ಆ ಗುಣಕ್ಕೆ ಪೆನ್ನು ನನ್ನದು. ಚೀಟಿ ನಾನು ಬರೆಯುತ್ತೇನೆ, ರೌಂಡಿಗೆ ಮುಂಚೆ ಮ್ಯಾನೇಜರಮ್ಮ ಅವರ ಕೈಗಿಡುತ್ತಾರೆ. ಯಾರಿಗೂ ಗೊತ್ತಿಲ್ಲ. ಡ್ರೆಸ್ಸಿನ ಕೋಣೆಯಲ್ಲಿ ಗುಂಡಿ ಹೊಲಿಯುವವಳು, ಐದನೇ ಕ್ಲಾಸು, ಬಾಯಿ ಸತ್ತವಳು, ಅಕ್ಷರ ಮಾತ್ರ ದುಂಡಗೆ — ಅದಕ್ಕೇ ಮ್ಯಾನೇಜರಮ್ಮ ನನ್ನನ್ನು ಆರಿಸಿದ್ದು. ಸುಮ್ಮನೆ ಎದುರು ಕೂತರೆ ಸಾಕು, ಜನ ತಾವಾಗಿಯೇ ಹೇಳಿಕೊಳ್ಳುತ್ತಾರೆ.

ಫೆಬ್ರವರಿ 6

ಕಂಪನಿಗೆ ಇಪ್ಪತ್ತೈದು ವರ್ಷ. ಯಜಮಾನರ ನಾಯಕತ್ವದ ಗುಣಗಳ ಮೇಲೆ ಪುಸ್ತಕ ಬರುತ್ತದೆ. ಬರೆಯುವವರು ನಮ್ಮ ಕೋಣೆಗೂ ಬಂದಿದ್ದರು. "ಅವರ ಒಂದು ಗುಣ ಹೇಳಿ."

"ಒಂದಾ?" ಟೈಲರಕ್ಕ ಕತ್ತರಿ ಕೆಳಗಿಟ್ಟಳು. "ಒಂದು ಮೈಕು, ನಲವತ್ತು ಬಾಡಿಗೆ ಕುರ್ಚಿ, ಇಷ್ಟರಲ್ಲಿ ಶುರು ಮಾಡಿದೋರು ಸ್ವಾಮಿ. ಮೊದಲ ಪರದೆ ಹೊಲಿದೋಳು ನಾನು. ಅವತ್ತೂ 'ಊಟ ಆಯ್ತಾ' ಅಂತ ಕೇಳ್ತಿದ್ರು, ಇವತ್ತೂ ಕೇಳ್ತಾರೆ."

ನನ್ನನ್ನೂ ಕೇಳಿದರು. "ಒಳ್ಳೆಯವರು" ಎಂದೆ.

"ಬರ್ಕೊಳಿ, ಬರ್ಕೊಳಿ" ಎಂದಳು ಟೈಲರಕ್ಕ. "ಇವಳ ಬಾಯಿಂದ ಇನ್ನೊಂದು ಮಾತು ಬರೋಕೆ ಮುಂದಿನ ವರ್ಷ ಆಗುತ್ತೆ."

ಫೆಬ್ರವರಿ 9, ಮಧ್ಯಾಹ್ನ

ಮಾಂತ್ರಿಕನ ಕಪ್ಪು ಕೋಟು. ಟೈಲರಕ್ಕ ಮೂರು ಸಲ ಬಿಚ್ಚಿ ಮೂರು ಸಲ ಹೊಲಿದಳು. ಕೋಣೆಯಲ್ಲಿ ನಾವಿಬ್ಬರೇ ಉಳಿದಾಗ...

"ಕಪ್ಪಿನ ಮೇಲೆ ಕಪ್ಪು ದಾರ ಕಾಣಲ್ಲ ಕಣೇ. ಆರು ತಿಂಗಳಾಯ್ತು. ಕೈಯಲ್ಲಿ ತಡವಿ ಹೊಲೀತಿದ್ದೀನಿ. ಯಾರ ಹತ್ರಾನೂ ಬಾಯಿ ಬಿಡಬೇಡ. ಟೈಲರ್ ಕಣ್ಣು ಹೋಯ್ತು ಅಂದ್ರೆ ಟೈಲರೇ ಹೋದ ಹಾಗೆ. ನನ್ನಾಣೆ."

ತಲೆಯಾಡಿಸಿದೆ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೇ ಅವಳು. ಸೂಜಿ ಹಿಡಿಯಲು ಕಲಿಸಿದವಳು.

ಫೆಬ್ರವರಿ 10

ಅಕ್ಕ ಬರುವ ಮೊದಲೇ ಹತ್ತು ಸೂಜಿಗೆ ದಾರ ಪೋಣಿಸಿ ಚುಚ್ಚಿಟ್ಟೆ. ಬಿಳಿ ಎಡಕ್ಕೆ, ಕಪ್ಪು ಬಲಕ್ಕೆ. ಅವಳು ಬಂದು, ಬೆರಳಿನಿಂದ ತಡವಿ ನೋಡಿ, ಮಿಷನ್ನಿಗೆ ಕೂತಳು.

ಫೆಬ್ರವರಿ 16

ಮ್ಯಾನೇಜರಮ್ಮ ಚೀಟಿಗಳನ್ನು ವಾಪಸ್ ಎಸೆದರು. "ಬರೀ ಜ್ವರ, ಮೊಣಕಾಲು! ನಾಳೆ ರೌಂಡಿಗೆ ಪುಸ್ತಕದವರೂ ಬರ್ತಾರೆ. ಕರುಳು ಚುರ್ ಅನ್ನೋ ಅಂಥದ್ದು ಒಂದು ಬೇಕು."

ಬರೆದೆ.

ಯಜಮಾನರು ಅಕ್ಕನನ್ನು ಒಳ್ಳೆಯ ಕಣ್ಣಿನ ಡಾಕ್ಟರಿಗೆ ತೋರಿಸುತ್ತಾರೆ ಎಂದುಕೊಂಡೆ. ಅಂಥವರು ಎಂದು ಊರೆಲ್ಲ ನಂಬಿದೆ. ಚೀಟಿ ಬರೆಯುವ ನಾನೂ ನಂಬಿದ್ದೆ!

ಫೆಬ್ರವರಿ 17

ಯಜಮಾನರು ಅಕ್ಕನ ಕೈಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಕೈ ಹಿಡಿದುಕೊಂಡರು. "ಅಕ್ಕಾ, ನನ್ನ ಮೊದಲ ಪರದೆ ಹೊಲಿದ ಕಣ್ಣು ಇವು. ಇನ್ನು ದಣಿಸಬಾರದು."

ಅಕ್ಕನ ಮುಖ ಬಿಳಿಚಿತು. ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. "ನಿಮಗೆ ಹೇಗೆ ಗೊತ್ತಾಯ್ತು ಯಜಮಾನ್ರೇ?"

"ಮುಖ ನೋಡಿದ್ರೆ ಗೊತ್ತಾಗಲ್ವಾ?"

ಪುಸ್ತಕದವರು ಕಣ್ಣೊರೆಸಿಕೊಂಡರು. ಫೋಟೋ ಹೊಡೆದರು. ಅಕ್ಕ ಗಳಗಳ ಅತ್ತಳು. ನಾನು ಇಸ್ತ್ರಿಪೆಟ್ಟಿಗೆ ಹಿಡಿದು ಗೋಡೆಗೆ ಮುಖ ಮಾಡಿದೆ.

ಫೆಬ್ರವರಿ 25

ಅಕ್ಕನ ಮಿಷನ್ನಿಗೆ ಬಟ್ಟೆ ಹೊದಿಸಿದ್ದಾರೆ. ಕೆಲಸದಿಂದ ತೆಗೆದಿಲ್ಲವಂತೆ, "ವಿಶ್ರಾಂತಿ"ಯಂತೆ. ಸೋಮವಾರದಿಂದ ಹೊಸ ಟೈಲರ್.

ಮ್ಯಾನೇಜರಮ್ಮನ ಕೋಣೆಯಲ್ಲಿ ಮೊದಲ ಸಲ ಒಂದು ಪ್ರಶ್ನೆ ಕೇಳಿದೆ. "ಅಕ್ಕನ್ನ ಡಾಕ್ಟರ ಹತ್ರ..."

"ಇದು ನಗಿಸೋ ಕಂಪನಿ ಕಣೇ, ಆಸ್ಪತ್ರೆ ಅಲ್ಲ." ಆಮೇಲೆ ಮೆತ್ತಗೆ, "ನಿನ್ನ ಚೀಟಿ ಚೆನ್ನಾಗಿತ್ತು. ಪುಸ್ತಕದಲ್ಲಿ ಮೊದಲನೇ ಅಧ್ಯಾಯ ಅದೇ."

ಹೊಗಳಿಕೆ. ಇಲ್ಲಿಗೆ ಬಂದ ಮೇಲೆ ಸಿಕ್ಕ ಮೊದಲನೆಯದು.

ಮಾರ್ಚ್ 2, ಸಂಜೆ

ಅಕ್ಕನ ಮನೆಗೆ ಹೋಗಿದ್ದೆ. ಹೇಳಿಬಿಡಬೇಕು ಎಂದೇ ಹೋಗಿದ್ದು. ಮೆಟ್ಟಿಲು ಹತ್ತುವಾಗ ಬಾಯಿಪಾಠ ಮಾಡಿಕೊಂಡೆ — ಅಕ್ಕಾ, ಅವರು ಮುಖ ನೋಡಲಿಲ್ಲ, ನನ್ನ ಚೀಟಿ ನೋಡಿದರು.

ಮಂಚದ ಮೇಲೆ ಕೂತು ಹಳೆಯ ಕುಪ್ಪಸದ ಹೊಲಿಗೆ ಬಿಚ್ಚುತ್ತಿದ್ದಳು. ಬೆರಳಿನಿಂದಲೇ. "ಬಂದ್ಯಾ? ಒಳ್ಳೆ ಹೊತ್ತಿಗೆ ಬಂದೆ. ಪೆನ್ನು ತೆಗಿ. ಯಜಮಾನ್ರಿಗೆ ಒಂದು ಕಾಗದ ಬರೀಬೇಕು."

ಒಳಗಿನಿಂದ ಸೊಸೆ, "ಕೂಳು ಕಿತ್ಕೊಂಡೋರಿಗೆ ಥ್ಯಾಂಕ್ಸು ಬೇರೆ ಕೇಡು!"

"ನೀನು ಸುಮ್ನಿರೇ. ಆರು ತಿಂಗಳು ಒಂದೇ ಮನೇಲಿದ್ರಿ. ನೀನಾಗ್ಲಿ, ನಿನ್ನ ಗಂಡನಾಗ್ಲಿ ನನ್ನ ಕಣ್ಣು ನೋಡಿದ್ರಾ? ಅವರು ನೋಡಿದ್ರು."

ಒಳಗೆ ಪಾತ್ರೆ ಕುಕ್ಕಿದ ಸದ್ದು.

ನಾನು ಪೆನ್ನು ತೆಗೆದೆ. ಅಕ್ಕ ಹೇಳಿದಳು, ಬರೆದೆ. ಯಾರೂ ಹೇಳದೆ ನನ್ನ ಕಷ್ಟ ತಿಳಿದವರು ನೀವು... ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಕಾಣದ್ದು ನಿಮಗೆ ಕಂಡಿತು... ಒಂದಕ್ಷರವೂ ಬಿಡಲಿಲ್ಲ. ದುಂಡಗೆ ಬರೆದೆ.

"ಕೊನೆಗೆ ನಿನ್ನ ಬಗ್ಗೇನೂ ಒಂದು ಮಾತು ಸೇರಿಸು. ನಾನು ಇಲ್ಲದ ಮೇಲೆ ನಿನಗೆ ಅಲ್ಲಿ ಯಾರಿದ್ದಾರೆ? ಬರಿ — ಈ ಹುಡುಗಿಯನ್ನು ಕೈಬಿಡಬೇಡಿ. ಪಾಪದವಳು. ಇವಳ ಹತ್ತಿರ ಏನು ಹೇಳಿದರೂ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಾಳೆ."

ಅದನ್ನೂ ಬರೆದೆ.

"ಎಲ್ಲಿ, ಒಂದು ಸಲ ಓದು, ಕೇಳ್ತೀನಿ."

ಓದಿದೆ. ಮೊದಲ ಸಾಲು ಬಂತು. ಮಗನ ಸಾಲೂ ಬಂತು. ಕೊನೆಯ ಸಾಲಿಗೆ ಬರುವಾಗ ಅಕ್ಕ ನನ್ನ ಮುಖದ ಕಡೆಗೇ ತಿರುಗಿ ಕೂತಿದ್ದಳು, ಎಷ್ಟು ಕಾಣುತ್ತಿತ್ತೋ ಏನೋ, ನಾನು ಬಾಯಿ ತೆರೆದೆ. ಅದನ್ನೂ ಓದಿದೆ.