ಬಸ್ಸಿನಲ್ಲಿದ್ದ ಹುಡುಗಿ

ಎಮ್ಡನ್,
ಮಾರ್ಚ್ 3, ಭಾನುವಾರ

ನನ್ನ ಹೊಟ್ಟೆಯಲ್ಲಿ ಹುಟ್ಟಿ, ನಾಡಿದ್ದು ಇಡೀ ರಾಜ್ಯಕ್ಕೆ ತಾಯಿಯಾಗಲಿರುವ ವೀಬ್ಕೆಗೆ, ನಿನ್ನ ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುವುದು.

ಬೆಳಿಗ್ಗೆ ಫೋನಿನಲ್ಲಿ ನೀನು ಮತ್ತೆ ಕೇಳಿದೆ, ಮಂಗಳವಾರ ಪ್ರಮಾಣವಚನಕ್ಕೆ ಅಪ್ಪ ಯಾಕೆ ಬರುವುದಿಲ್ಲ ಎಂದು. ಮೊಣಕಾಲು ನೋವು ಎಂದೆ. ಮಗಳೇ, ನಿನ್ನ ಅಪ್ಪನ ಮೊಣಕಾಲಿಗೆ ಏನೂ ಆಗಿಲ್ಲ. ನಾನು ಹಾಗೆ ಹೇಳುತ್ತಿದ್ದ ಹೊತ್ತಿಗೇ ಅವರು ಎದುರುಗಾಳಿಯಲ್ಲಿ ಸೈಕಲ್ ತುಳಿಯುತ್ತಾ ಸಮುದ್ರದ ಒಡ್ಡಿನ ಮೇಲೆ ಹೋಗುತ್ತಿದ್ದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಕಾಣುತ್ತಿದ್ದರೂ ಮೊಣಕಾಲು ಎಂದೆ.

ನಿಜ ಹೇಳಲು ಫೋನು ಸಾಲದೇ ಎಂದು ನೀನು ಕೇಳಬಹುದು. ಸಾಲದು. ನಲವತ್ತು ವರ್ಷ ನಮ್ಮೂರ ನಾಟಕ ಸಂಘದಲ್ಲಿ ಹಿಂದಿನ ಸಾಲಿನ ಕಿವುಡನಿಗೂ ಕೇಳುವಂತೆ ಗರ್ಜಿಸಿದವಳು ನಾನು. ರಾಣಿಯಾದೆ, ಬಜಾರಿಯಾದೆ, ಮಗನನ್ನು ಕಡಲಿಗೆ ಕೊಟ್ಟ ತಾಯಿಯಾದೆ. ಬಾಯಿ ತೆರೆದರೆ ಸಾಕು, ನನ್ನೊಳಗಿನ ನಟಿ ಎದ್ದು ದೀಪದ ಮುಂದೆ ಬಂದು ನಿಲ್ಲುತ್ತಾಳೆ. ಫೋನಿನಲ್ಲಿ ಹೇಳಿದ್ದರೆ ಅತ್ತುಬಿಡುತ್ತಿದ್ದೆ, ನೀನು ಕರಗುತ್ತಿದ್ದೆ, ಇಬ್ಬರೂ ಪರಸ್ಪರ ಕ್ಷಮಿಸಿಕೊಂಡು ಹಗುರಾಗುತ್ತಿದ್ದೆವು. ಈ ಸಲ ಅಷ್ಟು ಸುಲಭಕ್ಕೆ ಬಿಡಬಾರದು. ಆದ್ದರಿಂದ ಕಾಗದ. ನಾಳೆ ಬೆಳಿಗ್ಗೆ ನಮ್ಮೂರ ಪಕ್ಷದ ಶಾಖೆಯವರೆಲ್ಲ ನಿನ್ನನ್ನು ನೋಡಲು ರಾಜಧಾನಿ ಹ್ಯಾನೋವರಿಗೆ ಹೊರಡುತ್ತಾರೆ. ಅವರ ಜೊತೆ ಬರುವ ಫ್ರೆರಿಕ್ ಇದನ್ನು ನಿನ್ನ ಕೈಗೇ ಕೊಡುತ್ತಾನೆ.

ಪಕ್ಷದ ಮಹಾಸಭೆ ನಡೆದ ಆ ಶನಿವಾರ ನೀನು ವೇದಿಕೆಯ ಮೇಲಿದ್ದೆ. ನಮ್ಮ ಮುಖಗಳು ನಿನಗೆ ಕಾಣಲಿಲ್ಲ. ನಾನು ತೋರಿಸುತ್ತೇನೆ, ನೋಡು.

ಇಲ್ಲಿ ಶಾಖೆಯ ಕೋಣೆಯಲ್ಲಿ ನಿನ್ನನ್ನು ತೋರಿಸುವ ಗೋಡೆಯಗಲದ ಟಿವಿ ಪರದೆ. ಮುಂದಿನ ಸಾಲಿನಲ್ಲಿ ನಿನ್ನ ಅಪ್ಪ, ಕೊರಳಿಗೆ ಟೈ. ಎಡಕ್ಕೆ ಫ್ರೆರಿಕ್, ಬಲಕ್ಕೆ ನಿನ್ನ ಐಲರ್ಟ್ ಮಾಮ. ಮೂವರೂ ಹಡಗು ಕಟ್ಟುವ ಕಟ್ಟೆಯಲ್ಲಿ ಒಟ್ಟಿಗೆ ಬೆಸುಗೆ ಹಾಕಿದ ಗೆಳೆಯರು, ಈಗ ಶುಕ್ರವಾರ ಶುಕ್ರವಾರ ಒಟ್ಟಿಗೆ ಇಸ್ಪೀಟು ಆಡುವವರು. ನೀನು ಮೈಕಿನ ಮುಂದೆ ಬರುವ ಮೊದಲು ಐಲರ್ಟ್ ಇಡೀ ಕೋಣೆಗೆ ಕೇಳುವಂತೆ ನಿನ್ನಪ್ಪನನ್ನು ಕೆಣಕಿದ: "ಏನೋ ಹಿನ್ರಿಕ್, ಮಗಳು ಮುಖ್ಯಮಂತ್ರಿ ಆದ್ಮೇಲೆ ನೀನು ಇಸ್ಪೀಟಲ್ಲಿ ಸೋತಿದ್ದಕ್ಕೆಲ್ಲ ಸರ್ಕಾರದಿಂದ ಪರಿಹಾರ ಸಿಗುತ್ತಾ?" ಕೋಣೆ ನಕ್ಕಿತು. ನಿನ್ನಪ್ಪ ಕಿವಿಯವರೆಗೂ ಕೆಂಪಾಗಿ ನಕ್ಕರು.

ಯಾಕೆ ನಗಬಾರದು? ಹದಿನಾರಕ್ಕೆ ನೀನು ಪಕ್ಷದ ಯುವದಳ ಸೇರಿದಾಗ ಕಂಬಗಳಿಗೆ ಚುನಾವಣೆಯ ಭಿತ್ತಿಪತ್ರ ಕಟ್ಟಲು ಏಣಿ ಹಿಡಿದವನು ಐಲರ್ಟ್. ನಗರಸಭೆಗೆ ನಿಂತಾಗ ಮೊದಲ ಹೆಸರು ಸೂಚಿಸಿದವನು ಐಲರ್ಟ್. ಶಾಸನಸಭೆಯ ಚುನಾವಣೆಯಲ್ಲಿ, ಕತ್ತಲು ಹರಿಯುವ ಮೊದಲೇ ಬಂದರಿನ ಬಾಗಿಲಲ್ಲಿ ನಿಂತು, ಪಾಳಿಗೆ ಹೋಗುವವರ ಕೈಗೆ ಪಕ್ಷದ ಗುರುತಾದ ಕೆಂಪು ಗುಲಾಬಿ ಒಂದೊಂದು ಕೊಟ್ಟು, ನಮ್ಮ ಹುಡುಗಿ ಸ್ವಾಮಿ, ಮರೀಬೇಡಿ ಎಂದವನು ಐಲರ್ಟ್. ನೀನು ಕಾರ್ಮಿಕ ಮಂತ್ರಿಯಾದ ದಿನ ತನ್ನ ಮಗಳೇ ಮಂತ್ರಿಯಾದಂತೆ ಕುಡಿದು ನಮ್ಮ ಬೇಲಿಯ ಮೇಲೆ ಬಿದ್ದವನೂ ಅವನೇ. ನೀನು ಏರಿದ ಮೆಟ್ಟಿಲುಗಳಲ್ಲಿ ಅವನು ಹೆಗಲು ಕೊಡದ ಮೆಟ್ಟಿಲು ಯಾವುದು, ಹೇಳು?

ಆಮೇಲೆ ನಿನ್ನ ಭಾಷಣ. ತೆರಿಗೆಯ ಮಾತು ಮುಗಿಯಿತು, ಬಾಡಿಗೆಮನೆಗಳ ಮಾತು ಮುಗಿಯಿತು. ನೀನು ಕಾಗದ ಪಕ್ಕಕ್ಕಿಟ್ಟೆ. ಹಾಗೆ ಕಾಗದ ಪಕ್ಕಕ್ಕಿಡುವುದನ್ನು ನಿನಗೆ ಕಲಿಸಿದವಳು ನಾನು. ಹಡಗುಕಟ್ಟೆ ಮುಚ್ಚಿದ ವರ್ಷ ನನಗೆ ಹನ್ನೆರಡು ಎಂದೆ. ಅಪ್ಪನಿಗೆ ಕೆಲಸವಿರಲಿಲ್ಲ ಎಂದೆ. ತರಗತಿಯ ಮಕ್ಕಳೆಲ್ಲ ಹಾರ್ತ್ಸ್ ಬೆಟ್ಟಕ್ಕೆ ಪ್ರವಾಸ ಹೊರಟರು, ನಮ್ಮಲ್ಲಿ ಹಣವಿರಲಿಲ್ಲ, ಜ್ವರ ಎಂದು ಶಾಲೆಗೆ ಸುಳ್ಳು ಹೇಳಿದೆವು, ಬಸ್ಸು ಹೋಗುವುದನ್ನು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ ಎಂದೆ. ಆ ಕಿಟಕಿಯ ಹಿಂದೆ ಇನ್ನೊಂದು ಮಗು ನಿಲ್ಲದಿರಲಿ ಎಂದೇ ನಾನು ರಾಜಕೀಯಕ್ಕೆ ಬಂದೆ ಎಂದೆ.

ಅಲ್ಲಿ ಸಾವಿರ ಜನ ಎದ್ದು ನಿಂತರು. ಇಲ್ಲಿ ಫ್ರೆರಿಕ್‌ನ ಹೆಂಡತಿ ಬಿಕ್ಕಿದಳು. ಹಿಂದಿನಿಂದ ಯಾರೋ ನಿನ್ನಪ್ಪನ ಹೆಗಲ ಮೇಲೆ ಕೈಯಿಟ್ಟರು, ಸತ್ತ ಮನೆಯಲ್ಲಿ ಇಡುವಂತೆ. ಚಪ್ಪಾಳೆಗೆಂದು ಎತ್ತಿದ್ದ ಅಪ್ಪನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಐಲರ್ಟ್ ಎದ್ದ. ನಾಯಿಗೆ ಊಟ ಹಾಕಬೇಕು ಎಂದು ಹೊರಟುಹೋದ. ಅವನ ನಾಯಿ ಸತ್ತು ಎರಡು ವರ್ಷವಾಗಿತ್ತು.

ವೀಬ್ಕೆ, ನೀನು ಆ ಬಸ್ಸಿನಲ್ಲಿದ್ದೆ. ಆ ಬೆಟ್ಟದಿಂದ ಪೊರಕೆಯ ಮೇಲೆ ಕೂತ ಮಾಟಗಾತಿ ಬೊಂಬೆ ತಂದು ನನ್ನ ಒಲೆಯ ಮೇಲೆ ನೇತುಹಾಕಿದೆ. ಕಟ್ಟೆ ಮುಚ್ಚಿದ ಮೇಲೆ ನಿನ್ನಪ್ಪನಿಗೆ ಬಂದರಿನಲ್ಲಿ ಹೂಳೆತ್ತುವ ದೋಣಿಯ ಮೇಲೆ ಬೇಗನೆ ಕೆಲಸ ಸಿಕ್ಕಿತು. ಸಿಗದವನು ಐಲರ್ಟ್. ಎರಡು ಚಳಿಗಾಲ ಅವನು ಮನೆಯಲ್ಲಿ ಕೂತ. ಜ್ವರದ ಸುಳ್ಳು ಹೇಳಿದ್ದು ಅವನು. ಪರದೆಯ ಹಿಂದೆ ನಿಂತಿದ್ದು ಅವನ ಮಗ, ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಹಾರ್ಮ್. ಇದನ್ನು ಐಲರ್ಟ್ ತನ್ನ ಜೀವಮಾನದಲ್ಲಿ ಒಬ್ಬರಿಗೇ ಹೇಳಿದ್ದ, ನಿನ್ನಪ್ಪನಿಗೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದ. ನಿನ್ನಪ್ಪ ಒಬ್ಬರಿಗೇ ಹೇಳಿದರು, ನನಗೆ. ಹೆಂಡತಿ ಎಂದರೆ ತಾನೇ ಅಲ್ಲವೇ ಎಂದುಕೊಂಡಿರಬೇಕು.

ಮುಂದಿನದು ನಮ್ಮಿಬ್ಬರಿಗೇ ಗೊತ್ತು. ಜನವರಿಯಲ್ಲಿ ನೀನು ಫೋನು ಮಾಡಿ ಗೋಳಾಡಿದೆ. "ನನ್ನ ಭಾಷಣ ಬರೆಯೋ ಹುಡುಗರು ಹೇಳ್ತಾರೆ ಅಮ್ಮಾ, ನಾನು ಕಾನೂನು ಪುಸ್ತಕದ ಥರ ಮಾತಾಡ್ತೀನಂತೆ. ನಮ್ಮನೇಲಿ ಒಂದಾದ್ರೂ ಕಷ್ಟ ಇರ್ಲಿಲ್ವಾ?" ನಾನು ನಕ್ಕೆ. ಬೇರೆ ಪಕ್ಷದವರಿಗೆ ಅಪ್ಪನ ಆಸ್ತಿ ಭೂಷಣವಾದರೆ, ನಮ್ಮ ಪಕ್ಷದಲ್ಲಿ ಅಪ್ಪನ ತೂತುಬಿದ್ದ ಬೂಟೇ ಭೂಷಣ. ನಿನ್ನ ಅಪ್ಪನ ಬೂಟಿನಲ್ಲಿ ತೂತಿರಲಿಲ್ಲ. ಕಷ್ಟಪಟ್ಟು ತೂತಿಲ್ಲದ ಹಾಗೆ ನೋಡಿಕೊಂಡಿದ್ದರು. ಖಾಲಿ ರಂಗವನ್ನು ನಾನು ಎಂದೂ ಸಹಿಸಿದವಳಲ್ಲ. ಹಾರ್ಮ್‌ನ ಕಥೆ ಹೇಳಿದೆ. ಹೇಳಿದೆ ಎಂದರೇನು, ಆಡಿ ತೋರಿಸಿದೆ. ಕಿಟಕಿಯ ಪರದೆಯನ್ನು ಎರಡು ಬೆರಳಲ್ಲಿ ಸರಿಸುವ ಆ ಸಣ್ಣ ಕೈ ನನ್ನ ಕಲ್ಪನೆ, ಐಲರ್ಟ್ ಹೇಳಿದ್ದಲ್ಲ. ನಿನ್ನ ಭಾಷಣದಲ್ಲಿ ಆ ಎರಡು ಬೆರಳೂ ಬಂದವು. ನನ್ನ ತರಗತಿಯ ಒಬ್ಬ ಹುಡುಗ ಎಂದು ನೀನು ಹೇಳುತ್ತೀಯ ಎಂದುಕೊಂಡಿದ್ದೆ. ನೀನು ಹುಡುಗನನ್ನು ಕಿಟಕಿಯಿಂದ ಸರಿಸಿ ಅಲ್ಲಿ ನೀನೇ ನಿಂತೆ. ಆದರೂ ಬಾಗಿಲು ತೆರೆದುಕೊಟ್ಟವಳು ನಾನು. ನಿನ್ನನ್ನು ಬೈಯುವಾಗ ನನ್ನ ದನಿ ಯಾಕೆ ಏರುವುದಿಲ್ಲವೆಂದು ಈಗ ತಿಳಿಯಿತೇ?

ಇಲ್ಲಿಗೇ ನಿಂತಿದ್ದರೆ ಮಣ್ಣು ಮುಚ್ಚಬಹುದಿತ್ತೇನೋ. ಬುಧವಾರ ಪತ್ರಿಕೆಯವಳೊಬ್ಬಳು ಮನೆಗೆ ಬಂದಳು. ಚಿಕ್ಕ ಹುಡುಗಿ, ವಿನಯವಂತೆ. ಆ ದಿನಗಳ ಬಗ್ಗೆ ಸ್ವಲ್ಪ ಹೇಳಿ ಎಂದಳು. ನಿನ್ನಪ್ಪ ನನ್ನ ಮುಖ ನೋಡಿದರು. ಏನೂ ಹೇಳಬೇಡ ಎಂಬ ನೋಟ ಅದು. ಐವತ್ತು ವರ್ಷ ಸಂಸಾರ ಮಾಡಿದವಳಿಗೆ ಅರ್ಥವಾಗದೇ? ಆದರೆ ಮಂಗಳವಾರ ನಿನ್ನನ್ನು ಆರಿಸಬೇಕಾದ ಶಾಸನಸಭೆಯಲ್ಲಿ ನಿನ್ನ ಕಡೆಗೆ ಎರಡೇ ಮತ ಹೆಚ್ಚು. ಒಂದು ತೊದಲು ಸಾಕು, ನಿನ್ನ ಮೂವತ್ತು ವರ್ಷ ನೀರುಪಾಲು. ನಾನು ರಂಗಕ್ಕೆ ಇಳಿದೆ. ಮಗಳೇ, ಏನು ಆಡಿದೆ ಅಂತೀ. ಬಸ್ಸಿನ ಸದ್ದು ಮಾಡಿದೆ. ಅಡುಗೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿದೆ. ಗಂಡ ಕೆಲಸವಿಲ್ಲದೆ ಗೋಡೆ ನೋಡುತ್ತಾ ಕೂರುತ್ತಿದ್ದರು ಎಂದು, ಆ ಗಂಡನ ಎದುರಿಗೇ, ಅವರನ್ನೇ ಬೆರಳಿಟ್ಟು ತೋರಿಸಿ ಹೇಳಿದೆ. ಹುಡುಗಿ ಬರೆದುಕೊಂಡಳು. ನಿನ್ನಪ್ಪ ಎದ್ದು ಹಿತ್ತಲಿಗೆ ಹೋದರು. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ನಟಿಸಿರಲಿಲ್ಲ. ಆಡಿದ ಮೇಲೆ ಒಂದು ಗಳಿಗೆ ಹೆಮ್ಮೆಯಾಯಿತೇ? ಆಯಿತು. ಅದಕ್ಕೇ ಈಗ ಕನ್ನಡಿ ನೋಡಲಾರೆ.

ಶುಕ್ರವಾರ ಅಚ್ಚಾಗಿ ಬಂತು. ಶುಕ್ರವಾರ ಮಧ್ಯಾಹ್ನವೇ ಐಲರ್ಟ್ ಬಂದ, ಇಸ್ಪೀಟಿನ ಹೊತ್ತಲ್ಲದ ಹೊತ್ತಿನಲ್ಲಿ. ಚಹಾ ಬಗ್ಗಿಸಿದೆ. ಮೂರು ಕಪ್ಪು ಕುಡಿಯದೆ ಎದ್ದವನಲ್ಲ ಅವನು. ಮೊದಲನೆಯ ಕಪ್ಪು ಮುಗಿಯುತ್ತಲೇ ಚಮಚವನ್ನು ಕಪ್ಪಿನೊಳಗಿಟ್ಟು ಸಾಕು ಎಂದ. ಜಗಳವಿಲ್ಲ, ಕೂಗಾಟವಿಲ್ಲ. ಬ್ರೇಮನ್‌ನಿಂದ ಹಾರ್ಮ್ ಫೋನು ಮಾಡಿದ್ದ ಎಂದು ಹೇಳಿದ. ಟಿವಿ ನೋಡಿ ಮಗ ಒಂದೇ ಮಾತು ಹೇಳಿದನಂತೆ: "ಅಪ್ಪಾ, ಅವಳು ಬಸ್ಸಲ್ಲಿದ್ಲು. ನನಗೆ ಕೈ ಬೀಸಿದ್ಲು."

ಆಮೇಲೆ ಐಲರ್ಟ್ ನಿನ್ನಪ್ಪನ ಕಡೆಗೆ ತಿರುಗಿ, ಮಗುವಿನ ಹಾಗೆ ಕೇಳಿದ: "ನೀನು ಹೇಳಿದ್ಯಾ ಹಿನ್ರಿಕ್?"

ನಿನ್ನಪ್ಪನಿಗೆ ಗೊತ್ತು, ಅವರು ಹೇಳಿದ್ದು ನನಗೆ ಮಾತ್ರ. ನಾನು ಚಹಾ ಕೆಟಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಒಂದು ಸಲ ನನ್ನತ್ತ ತಿರುಗಿದ್ದರೆ ಸಾಕಿತ್ತು. ತಿರುಗಲಿಲ್ಲ.

"ಹೂಂ ಕಣೋ. ನಾನೇ."

ನಾನು? ಮಾರುಕಟ್ಟೆ ಚೌಕದಲ್ಲಿ ಮೈಕಿಲ್ಲದೆ ಮಾತಾಡಿದ ತೇಡಾ? ಕೆಟಲಿನ ಮುಚ್ಚಳ ಸರಿಪಡಿಸುತ್ತಾ ನಿಂತೆ. ಐಲರ್ಟ್ ಟೋಪಿ ಹಾಕಿಕೊಂಡು ಹೋದ. ಆ ಸಂಜೆ ಫ್ರೆರಿಕ್ ಬಂದು ಇಸ್ಪೀಟು ಕಲಸಿದ, ಮೂರನೆಯವನು ಬರಲಿಲ್ಲ, ಎಲೆಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿ ಎದ್ದು ಹೋದ. ನಿನ್ನಪ್ಪ ನನಗೆ ಒಂದು ಬಿರುನುಡಿ ಆಡಿಲ್ಲ. ಆಡಿದ್ದರೆ ಉಣ್ಣುತ್ತಿದ್ದೆ. ನಿನ್ನೆ ಮಾತ್ರ ಕೇಳದೆಯೇ ಹೇಳಿದರು: "ನಾನು ಬಸ್ಸಲ್ಲಿದ್ದೆ ಅಂತ ಅವಳು ಒಂದು ಮಾತು ಹೇಳಲಿ. ಮುಂದಿನ ಸಾಲಲ್ಲಿ ಬಂದು ಕೂರ್ತೀನಿ. ಹೇಳ್ದೆ ಇದ್ರೆ, ನನ್ನ ಮೊಣಕಾಲು ನೋವು ಅಂತಾನೇ ಇರಲಿ."

ಅದಕ್ಕೇ ಈ ಕಾಗದ. ಹೆತ್ತವಳಾಗಿ ಕೇಳುತ್ತಿದ್ದೇನೆ, ಮಂಗಳವಾರ ಮತಕ್ಕೆ ಮೊದಲು ಎದ್ದು ನಿಂತು ಹೇಳಿಬಿಡು. ನಾನು ಬಸ್ಸಿನಲ್ಲಿದ್ದೆ, ಕಿಟಕಿಯ ಕಥೆ ನನ್ನದಲ್ಲ, ನನ್ನ ಅಪ್ಪ ಒಂದು ದಿನವೂ ಗೋಡೆ ನೋಡಿ ಕೂತವರಲ್ಲ ಎಂದು. ನನ್ನ ಹೆಸರು ಹಾಕು, ಅಮ್ಮನೂ ಸುಳ್ಳು ಹೇಳಿದಳು ಎನ್ನು. ಕುರ್ಚಿ ಹೋದರೆ ಹೋಗಲಿ. ಮನೆಗೆ ಬಾ. ಕುರ್ಚಿ ಹೋದ ಮಗಳನ್ನು ಈ ಊರು ಒಂದು ವಾರ ಆಡಿಕೊಳ್ಳುತ್ತದೆ, ಆಮೇಲೆ ಚಹಾಕ್ಕೆ ಕರೆಯುತ್ತದೆ. ಸ್ನೇಹಿತನ ಮಗನ ಅವಮಾನವನ್ನು ಕದ್ದು ಉಟ್ಟುಕೊಂಡವಳನ್ನು ಏನು ಮಾಡುತ್ತದೋ ನನಗೆ ಗೊತ್ತಿಲ್ಲ.

ಇದನ್ನು ಬರೆದಷ್ಟಕ್ಕೆ ನನ್ನ ಪಾಲು ತೀರುವುದಿಲ್ಲ. ಲಕೋಟೆ ಅಂಟಿಸುವ ಮೊದಲು ಐಲರ್ಟ್ ಮನೆಗೆ ಹೋಗಿ, ಹೇಳಿದವಳು ನಾನು ಎಂದು ಒಪ್ಪಿಕೊಂಡು ಬರುತ್ತೇನೆ. ಅಷ್ಟಾದರೂ ಮಾಡದೆ ನಿನಗೆ ಬುದ್ಧಿ ಹೇಳುವ ಮುಖ ನನಗಿಲ್ಲ.

ಬಣ್ಣ ತೊಳೆದುಕೊಂಡು ಬರೆದ,
ನಿನ್ನ ಅಮ್ಮ
ತೇಡಾ

ಮರೆತ ಮಾತಲ್ಲ, ಆಮೇಲೆ ಬರೆದದ್ದು: ಹೋಗಿ ಬಂದೆ. ಐಲರ್ಟ್ ಬಾಗಿಲು ಅರ್ಧ ತೆರೆದು ನಿಂತೇ ಕೇಳಿಸಿಕೊಂಡ. ಗೊತ್ತಿತ್ತು ತೇಡಾ, ಹಿನ್ರಿಕ್‌ಗೆ ಸುಳ್ಳು ಹೇಳೋಕೆ ಎಲ್ಲಿ ಬರುತ್ತೆ ಎಂದ. ನನಗೆ ಧೈರ್ಯ ಬಂತು. ಮಂಗಳವಾರ ವೀಬ್ಕೆ ಎಲ್ಲರೆದುರು ನಿಜ ಹೇಳುತ್ತಾಳೆ ಎಂದೆ. ಅವನು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ, ಮೂಢೆ ನಾನು. ಅವನ ಮುಖ ಬಿಳಿಚಿಕೊಂಡಿತು.

"ಬೇಡ. ಅವಳು ಬಸ್ಸಲ್ಲಿದ್ಲು ಅಂತಾದ್ರೆ, ಬಸ್ಸಲ್ಲಿ ಇಲ್ದೇ ಇದ್ದವನು ಯಾರು ಅಂತ ಪತ್ರಿಕೆಯವರು ಹುಡ್ಕೊಂಡು ಹೊರಡ್ತಾರೆ. ಹಾರ್ಮ್ ಮನೆ ಬಾಗಿಲಿಗೆ ಕ್ಯಾಮೆರಾ ಬರುತ್ತೆ. ಅವನ ಮಕ್ಕಳಿಗೆ ಇದೊಂದೂ ಗೊತ್ತಿಲ್ಲ. ತಗೊಂಡಿದ್ದಾಳಲ್ಲ ತೇಡಾ, ಅವಳೇ ಇಟ್ಕೊಳ್ಳಲಿ."

ಬಾಗಿಲು ಮುಚ್ಚಿದ.

ಆದ್ದರಿಂದ ಮೇಲೆ ನಾನು ಕೇಳಿದ್ದನ್ನು ಮಾಡಬೇಡ, ಮಗಳೇ. ಅಪ್ಪನಿಗೂ ಹೇಳಿದೆ. ಅವರು ತಲೆಯಾಡಿಸಿ, ಟೈ ಬಿಚ್ಚಿಟ್ಟಿದ್ದ ಕಪಾಟಿನ ಬಾಗಿಲು ಹಾಕಿದರು. ಮಂಗಳವಾರ ನೀನು ಮುಖ್ಯಮಂತ್ರಿಯಾಗುತ್ತೀಯ. ಊರೂರಲ್ಲಿ ಮುದುಕಿಯರು ಬಂದು, ಕಿಟಕಿಯ ಹಿಂದೆ ನಿಂತಿದ್ದ ಮಗು ನೀನೇ ಅಲ್ಲವೇ ಎಂದು ನಿನ್ನ ಕೈ ಹಿಡಿದು ಅಳುತ್ತಾರೆ. ಕೈ ಬಿಡಿಸಿಕೊಳ್ಳಬೇಡ.