ಹಾಸೆಲ್‌ಟಾಲಿನ ನಾನೂರು ಮಾತು

ಎರಡು ಸಾವಿರದ ನೂರ ಎಂಬತ್ತೇಳನೆಯ ಇಸವಿ, ಹದಿಮೂರನೆಯ ತಿಂಗಳ ಐದನೆಯ ದಿನ
ಹಾಸೆಲ್‌ಟಾಲ್ ಕಣಿವೆ, ಶ್ವಾಬಿಯಾ ಸೀಮೆ, ಜರ್ಮನಿ

ದಾಕ್ಷಾಯಿಣಿ ಅಜ್ಜಿಗೆ ನೀಲವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡ. ಋತುಗಳು ದಿಕ್ಕೆಟ್ಟ ಮೇಲೆ ಇಲ್ಲಿ ವರ್ಷಕ್ಕೆ ಹದಿಮೂರು ತಿಂಗಳು ಮಾಡಿದ್ದಾರೆ. ಕೊನೆಯದಕ್ಕೆ ಒಂದು ಹೆಸರಿಡಲು ಯಾರಿಗೂ ಪುರುಸೊತ್ತಾಗಲಿಲ್ಲ. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಕಾಗದ ತಲುಪುವ ಹೊತ್ತಿಗೆ ನಿನಗೆ ಇಪ್ಪತ್ತಾರು, ಗದಗ ಬಿಟ್ಟು ಜರ್ಮನಿಯ ವೃದ್ಧಾಶ್ರಮವೊಂದರಲ್ಲಿ ನರ್ಸ್ ಆಗಿ ಸೇರಿ ಒಂದು ವಾರ. ಬರೆಯುತ್ತಿರುವ ನನಗೆ ಅರವತ್ತೊಂದು. ಅಜ್ಜಿ ಎನ್ನಲೋ ತಂಗಿ ಎನ್ನಲೋ ತಿಳಿಯದೆ ನೀನು ಎಂದೇ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಮಾತು ಎಲ್ಲಾದರೂ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೊ. ನನ್ನದು ಬಚ್ಚಲಮನೆಯಲ್ಲಿ ಕಲಿತ ಕನ್ನಡ. ಹಾಗೆಂದರೇನು ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಕಾಗದವನ್ನು ತರುವ ವ್ಯವಸ್ಥೆಗೆ ನಾವು ಹಿಂದಂಚೆ ಎನ್ನುತ್ತೇವೆ. ಹುಟ್ಟಿದವರಿಗೆಲ್ಲ ಜೀವಮಾನದಲ್ಲಿ ಒಂದೇ ಕಾಗದ, ತಮಗಿಂತ ಹಿಂದೆ ಇದ್ದವರಿಗೆ. ಅದು ತಲುಪಿದೆ ಎಂದು ಇದುವರೆಗೆ ಯಾರೂ ಸಾಕ್ಷಿ ಹೇಳಿಲ್ಲ. ಅಂಚೆಯವರು ಎಲ್ಲವನ್ನೂ ಒಲೆಗೆ ಹಾಕಿ ಕೈ ಕಾಯಿಸಿಕೊಳ್ಳುತ್ತಾರೆ ಎನ್ನುವವರೂ ಇದ್ದಾರೆ. ಹಾಕಿಕೊಂಡರೆ ಹಾಕಿಕೊಳ್ಳಲಿ, ನನಗೆ ಹೇಳಿಕೊಳ್ಳಲು ಬೇರೆ ಯಾರಿದ್ದಾರೆ.

ನೀನು ಒಂದು ನೋಟುಬುಕ್ಕು ಶುರುಮಾಡುವವಳಿದ್ದೀ. ಪರೀಕ್ಷೆಗೆ ಓದಿ ಪಾಸಾದ ಜರ್ಮನ್ ಇಲ್ಲಿನ ಮುದುಕರ ಮುಂದೆ ಮೂರು ಕಾಸಿಗೂ ಬಾರದು ಎಂದು ನಿನಗೆ ಮೊದಲ ದಿನವೇ ಗೊತ್ತಾಗಿರಬೇಕು. ನೀನು ನೋಡಿಕೊಳ್ಳುವ ಫ್ರೀಡಾ ಎಂಬ ಮುದುಕಿ ಇದೇ ಕಣಿವೆಯವಳು. ಅವಳು ಆಲೂಗಡ್ಡೆಗೆ ಗ್ರೊಂಬೀರ ಎನ್ನುತ್ತಾಳೆ, ಹಣ್ಣಿನ ಜಾಮಿಗೆ ಗ್ಸೆಲ್ಸ್ ಎನ್ನುತ್ತಾಳೆ, ಕಸ ಎತ್ತುವ ಮೊರಕ್ಕೆ ಕುಟ್ಟರ್‌ಶೌಫಲ್ ಎನ್ನುತ್ತಾಳೆ. ಇವು ಯಾವುವೂ ನಿನ್ನ ಪಠ್ಯಪುಸ್ತಕದಲ್ಲಿಲ್ಲ. ನೀನು ಪಾಪ, ಗೆರೆ ಹೊಡೆದು, ವಸ್ತು ಒಂದು ಕಡೆ, ಫ್ರೀಡಾಳ ಮಾತು ಇನ್ನೊಂದು ಕಡೆ ಬರೆಯುತ್ತಾ ಹೋಗುತ್ತೀ. ನಾನೂರ ಏಳು ಮಾತುಗಳು. ಆಮೇಲೆ ಈ ಕಣಿವೆಯ ಹುಡುಗನನ್ನೇ ಮದುವೆಯಾಗಿ ಇಲ್ಲೇ ನೆಲೆಯೂರುತ್ತೀ. ಆ ನೋಟುಬುಕ್ಕು ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ನಾನು ಅದರೊಳಗಿದ್ದೇನೆ.

ಅರ್ಥವಾಗಲಿಲ್ಲ ಅಲ್ಲವೇ. ಬಿಡಿಸಿ ಹೇಳುತ್ತೇನೆ. ಕೆಳಗಿನ ಬಯಲು ಊರುಗಳಿಗೆ ಕುಡಿಯುವ ನೀರಿಲ್ಲ. ಅದಕ್ಕಾಗಿ ನೂರು ವರ್ಷದಿಂದ ಒಂದೊಂದೇ ಕಣಿವೆಗೆ ಅಣೆಕಟ್ಟು ಕಟ್ಟಿ ಮುಳುಗಿಸುತ್ತಾ ಬಂದಿದ್ದಾರೆ. ಮುಳುಗಿಸಬಾರದು ಎನ್ನಲು ಒಂದೇ ಒಂದು ಕಾನೂನಿದೆ. ಶಾಲೆಯ ಜರ್ಮನ್ನಿನಲ್ಲಿಲ್ಲದ, ಮನೆಬಳಕೆಯ ವಸ್ತುಗಳ ನಾನೂರು ಮಾತುಗಳಾದರೂ ಒಂದು ಕಣಿವೆಗೆ ಸ್ವಂತವಾಗಿರಬೇಕು, ಅವನ್ನು ಅಲ್ಲೇ ಹುಟ್ಟಿ ಬೆಳೆದ ಇಬ್ಬರಾದರೂ ದಿನಾ ಆಡುತ್ತಿರಬೇಕು. ಈ ದಾಖಲೆಗೆ ನುಡಿಪಹಣಿ ಎಂದು ಹೆಸರು, ನಿಮ್ಮಲ್ಲಿ ಹೊಲಕ್ಕೆ ಪಹಣಿ ಇದ್ದ ಹಾಗೆ. ಅದರಲ್ಲಿ ಹೆಸರಿರುವವರು ಬಾಯಿದಾರರು. ನಮ್ಮ ಕಣಿವೆಯಲ್ಲಿ ಎಪ್ಪತ್ತನಾಲ್ಕು ಜನ ವಾಸವಿದ್ದಾರೆ, ಬಹುಪಾಲು ಬೇರೆ ಬೇರೆ ಕಡೆ ಮನೆ ಕಳೆದುಕೊಂಡು ಬಂದವರು. ಬಾಯಿದಾರರು ಇಬ್ಬರೇ. ಒಬ್ಬ ಗೊಟ್‌ಹಿಲ್ಫ್ ಎಂಬ ಎಂಬತ್ತೆಂಟರ ಮುದುಕ. ಇನ್ನೊಬ್ಬಳು ನಾನು.

ಬಾಯಿದಾರಳ ಬಾಳು ಹೇಗಿರುತ್ತದೆ ಕೇಳು. ಕುತ್ತಿಗೆಯ ಕೆಳಗೆ ಚರ್ಮದೊಳಗೆ ಕಡಲೆಗಾತ್ರದ ಒಂದು ಗುಂಡು ಇಟ್ಟಿದ್ದಾರೆ, ಆಡಿದ್ದನ್ನೆಲ್ಲ ಅದು ಕೇಳಿಸಿಕೊಳ್ಳುತ್ತದೆ. ನಾನೂರೂ ಮಾತುಗಳು ತಿಂಗಳಿಗೊಮ್ಮೆಯಾದರೂ ಬಾಯಲ್ಲಿ ಬರಬೇಕು. ಬಾಯಿಪಾಠ ಒಪ್ಪಿಸಿದರೆ ನಡೆಯುವುದಿಲ್ಲ. ವಸ್ತು ಎದುರಿಗಿರಬೇಕು, ಅದರಿಂದ ನಿಜವಾದ ಕೆಲಸ ನಡೆಯುತ್ತಿರಬೇಕು. ಈ ಕಾಲದ ಮನೆಗಳ ನೆಲ ಧೂಳನ್ನು ತಾನೇ ನುಂಗಿಕೊಳ್ಳುತ್ತದೆ, ಪೊರಕೆಗೆ ಕೆಲಸವೇ ಇಲ್ಲ. ಆದರೆ ಪೊರಕೆಗೂ ಮೊರಕ್ಕೂ ಮಾತುಗಳಿವೆಯಲ್ಲ! ಅದಕ್ಕೆ ನನ್ನ ಮತ್ತು ಗೊಟ್‌ಹಿಲ್ಫನ ಮನೆಗೆ ಹಳೇ ಕಾಲದ ದಡ್ಡ ನೆಲ ಹಾಕಿಸಿದ್ದಾರೆ. ಬುಧವಾರ ಊರಿನವರು ಡಬ್ಬಿ ಡಬ್ಬಿ ಧೂಳು ತಂದು ನಮ್ಮ ಮೆಟ್ಟಿಲ ಮೇಲೆ ಸುರಿಯುತ್ತಾರೆ. ಗುರುವಾರ ನಾವಿಬ್ಬರು ಅದನ್ನು ಗುಡಿಸಿ, ಯಾವ ಮೂಲೆ ಯಾರು ಗುಡಿಸಬೇಕಿತ್ತು ಎಂದು ಜಗಳವಾಡುತ್ತೇವೆ. ಇಲ್ಲಿ ಮೆಟ್ಟಿಲು ಗುಡಿಸುವ ಸರದಿಯ ವಾರ ಎಂಬ ಪದ್ಧತಿ ನಿನ್ನ ಕಾಲದಲ್ಲೇ ಇದೆ, ಸರದಿ ಬಂದವರ ಬಾಗಿಲಿಗೆ ಹಲಗೆ ನೇತುಹಾಕುತ್ತಾರೆ, ನೋಡಿರಬೇಕು. ನನ್ನ ಬಾಗಿಲ ಹಲಗೆ ಮೂವತ್ತು ವರ್ಷದಿಂದ ಕೆಳಗಿಳಿದಿಲ್ಲ. ಬೇಕೆಂದೇ ತಂದು ಸುರಿದ ಧೂಳನ್ನು ಗುಡಿಸಿ ಗುಡಿಸಿ ನನ್ನ ಸೊಂಟ ಹೋಗಿದೆ.

ಕಣಿವೆಯ ಮಾತು ಬಿಟ್ಟು ಬೇರೆ ಯಾವ ಭಾಷೆಯನ್ನೂ ನಾನು ಆಡುವಂತಿಲ್ಲ. ಮೂರು ಸಲ ತಪ್ಪಿದರೆ ಬಾಯಿ ಬೆರೆಯಿತು ಎಂದು ಹೆಸರು ಹೊಡೆದುಹಾಕುತ್ತಾರೆ. ಅದಕ್ಕೇ ನನ್ನವ್ವ ಬಚ್ಚಲಮನೆಯಲ್ಲಿ ನೀರು ಬಿಟ್ಟು, ಆ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ನನಗೆ ಕನ್ನಡ ಕಲಿಸಿದಳು. ನಾನು ನನ್ನ ಮಗಳು ಚಂಪಾಗೆ ಹಾಗೇ ಕಲಿಸಿದೆ. ಮಿಕ್ಕಿದ್ದನ್ನು ಹಳೆಯ ಪುಸ್ತಕಗಳಿಂದ ಕಲಿತೆ. ಬರೆಯುವುದು ಗುಂಡಿಗೆ ಕೇಳಿಸುವುದಿಲ್ಲ, ಪುಣ್ಯ. ಇನ್ನೊಂದು ನಿಯಮ, ಕಣಿವೆಯಿಂದ ಹೊರಗೆ ಮೂರು ರಾತ್ರಿಗಿಂತ ಹೆಚ್ಚು ಇರುವಂತಿಲ್ಲ. ನನ್ನ ಬಾಗಿಲಿಗೆ ಬೀಗವೇನೂ ಇಲ್ಲ ಅಜ್ಜಿ. ಯಾವಾಗ ಬೇಕಾದರೂ ಎದ್ದು ಹೋಗಬಹುದು. ಹೋದರೆ ಎಪ್ಪತ್ತನಾಲ್ಕು ಜನರ ಮನೆ ನೀರಿನ ಕೆಳಗೆ ಹೋಗುತ್ತದೆ, ಅಷ್ಟೇ. ಅವರನ್ನು ತೆರವುಪಟ್ಟಣಕ್ಕೆ ಸಾಗಿಸುತ್ತಾರೆ. ಅಲ್ಲಿ ಗೂಡಿನ ಮೇಲೆ ಗೂಡು, ಕಿಟಕಿ ಇಲ್ಲ, ಹೆಸರಿನ ಬದಲು ನಂಬರು.

ಚಂಪಾ ಹದಿನೇಳಕ್ಕೆ ಕಣಿವೆ ಬಿಟ್ಟು ಓಡಿದಳು. ನಾನೇ ಗಂಟು ಕಟ್ಟಿಕೊಟ್ಟೆ. ಇಲ್ಲಿ ಹುಟ್ಟಿ ಹೊರಗೆ ಬಾಯಿ ಬೆರೆತವರು ಮತ್ತೆ ಒಳಗೆ ಬರುವಂತಿಲ್ಲ. ಅವಳಿರುವುದು ಉತ್ತರದ ಕಡಲತೀರದಲ್ಲಿ, ಗಾಳಿಗಾಡಿಯಲ್ಲಿ ಹೋಗಲು ಮೂರು ದಿನ, ಬರಲು ಮೂರು ದಿನ. ಅಲ್ಲಿಗೆ ಹದಿನೆಂಟು ವರ್ಷವಾಯಿತು, ನನ್ನ ಮಗಳನ್ನು ನಾನು ಮುಟ್ಟಿಲ್ಲ. ಈಗ ಅವಳ ಪುಪ್ಪುಸ ಗಟ್ಟಿಯಾಗುತ್ತಿದೆ. ಈ ವರ್ಷ ದಾಟುವುದು ಕಷ್ಟ ಎಂದಿದ್ದಾರೆ ಡಾಕ್ಟರು. ದಿನಾ ಸಂಜೆ ದೂರದನಿಯಲ್ಲಿ ಮಾತಾಡುತ್ತಾಳೆ. “ಯವ್ವಾ, ನೀ ಬಂದ್ರ ಸಾಕು, ಏನೂ ತರಬ್ಯಾಡ. ಎದಿ ಮ್ಯಾಲ ಒಂದೀಟು ಕೈ ಇಡು” ಎನ್ನುತ್ತಾಳೆ. ಅವಳು ಕನ್ನಡದಲ್ಲಿ ಕೇಳುತ್ತಾಳೆ, ನಾನು ಶ್ವಾಬಿಯಾ ಮಾತಿನಲ್ಲಿ ಉತ್ತರಿಸಬೇಕು. ಸಾಯುತ್ತಿರುವ ಮಗಳನ್ನು ಕಂದಾ ಎಂದು ಕರೆಯುವ ಹಾಗಿಲ್ಲ. ಥೂ, ಇದೊಂದು ಬಾಳೇ?

ನನ್ನಲ್ಲಿ ಒಂದು ಗುಟ್ಟಿತ್ತು. ನಿನ್ನ ನೋಟುಬುಕ್ಕಿನ ನಾನೂರ ಏಳರಲ್ಲಿ ಹನ್ನೊಂದು ಮಾತು ಫ್ರೀಡಾಳವಲ್ಲ, ನಿನ್ನವು. ಏನೆನ್ನಬೇಕೆಂದು ತಿಳಿಯದಾಗ ನೀನು ಗದಗಿನ ಮಾತು ಆಡಿದ್ದೀ, ಮುದುಕಿ ಅದನ್ನೇ ಹಿಡಿದುಕೊಂಡಿದ್ದಾಳೆ, ನೀನು ಅದನ್ನೂ ಅವಳ ಸಾಲಿಗೇ ಸೇರಿಸಿದ್ದೀ. ಹೊದೆಯುವ ಕೌದಿ, ಹೆಚ್ಚುವ ಉಳ್ಳಾಗಡ್ಡಿ, ಗುಡಿಸುವ ಕಸಬರಗಿ, ಉಣ್ಣುವ ತಾಟು, ಹೀಗೆ. ನುಡಿಪಹಣಿಯವರು ಕೈಬರಹದ ಪಟ್ಟಿ ಸಿಕ್ಕಿತೆಂದು ಕಣ್ಣಿಗೊತ್ತಿಕೊಂಡು ಇದ್ದದ್ದನ್ನು ಇದ್ದ ಹಾಗೆಯೇ ನೋಂದಾಯಿಸಿಕೊಂಡರು. ಗೊಟ್‌ಹಿಲ್ಫನಿಗಂತೂ ಅವು ತನ್ನ ಮೂಲಪುರುಷರ ಮಾತುಗಳೆಂದೇ ನಂಬಿಕೆ. “ನೀಲವ್ವಾ, ಆ ಕೌದಿ ಕೊಡವಾ ಇತ್ತ, ಮೊಣಕಾಲ ಸೆಟದಾವ” ಎನ್ನುತ್ತಾನೆ. ಅವನ ಹಳ್ಳಿಮಾತನ್ನು ಪುಸ್ತಕದ ಕನ್ನಡದಲ್ಲಿ ಬರೆಯಲು ನನಗೆ ಮನಸ್ಸಾಗದು. ಅದಕ್ಕೆ ನಿನ್ನ ಗದಗಿನ ಮಾತಿನಲ್ಲೇ ಬರೆದಿದ್ದೇನೆ.

ಹನ್ನೊಂದು ಕಳೆದರೆ ಉಳಿಯುವುದು ಮುನ್ನೂರ ತೊಂಬತ್ತಾರು. ನುಡಿಪಹಣಿ ಬಿದ್ದುಹೋಗುತ್ತದೆ. ಕಣಿವೆ ಮುಳುಗುವುದು ಆಗಲೂ ತಪ್ಪುವುದಿಲ್ಲ, ನಿಜ. ಆದರೆ ನೀಲವ್ವ ಓಡಿಹೋದದ್ದರಿಂದ ಮುಳುಗಿತು ಎಂದು ಯಾರೂ ಅನ್ನುವಂತಿಲ್ಲ. ಪಟ್ಟಿಯೇ ತಪ್ಪಿತ್ತು, ತಪ್ಪು ಬರೆದವಳು ಸತ್ತು ಎಷ್ಟೋ ಕಾಲವಾಯಿತು. ತಪ್ಪನ್ನು ನಿನ್ನ ತಲೆಗೆ ಕಟ್ಟಿ ನಾನು ಮಗಳ ಹತ್ತಿರ ಹೋಗಬಹುದಿತ್ತು. ನಾಚಿಕೆಯಾಗುತ್ತದೆ ಹೇಳಲು, ಆದರೆ ಹೀಗೇ ಲೆಕ್ಕ ಹಾಕಿದೆ.

ಕಳೆದ ತಿಂಗಳು ವರ್ಷದ ತಪಾಸಣೆ ಬಂತು. ಊರಿನವರೆಲ್ಲ ಗೊಟ್‌ಹಿಲ್ಫನ ಅಡುಗೆಮನೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ನಾವಿಬ್ಬರೂ ಎಂದಿನಂತೆ ಉಳ್ಳಾಗಡ್ಡಿ ಹೆಚ್ಚಿದೆವು, ಗ್ರೊಂಬೀರ ಸುಲಿದೆವು. ನಡುವೆ ನಾನು ಚಾಕು ಕೆಳಗಿಟ್ಟು ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಹನ್ನೊಂದು ಮಾತುಗಳನ್ನು ಒಂದೊಂದಾಗಿ ಎಣಿಸಿ, ಇವು ಜರ್ಮನ್ ಅಲ್ಲ, ನನ್ನ ಅಜ್ಜಿಯ ಅಜ್ಜಿ ಹಿಂದೂಸ್ತಾನದಿಂದ ತಂದ ಕನ್ನಡ ಎಂದೆ. ಬಾಗಿಲಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಿಂತಿದ್ದ ರೋಸ್ಲೆ ಎಂಬ ಹೆಣ್ಣುಮಗಳು, “ನೀ ಹಿಂಗ ಮಾಡ್ತಿ ಅಂತ ಅನ್ಕೊಂಡಿದ್ದಿಲ್ಲ ನೀಲವ್ವಾ” ಎಂದಳು.

ತಪಾಸಣೆಗೆ ಬಂದ ಅಧಿಕಾರಿಣಿ ತಲೆಯೆತ್ತಲೂ ಇಲ್ಲ. ಅವಳದು ಶಾಲೆಯ ಜರ್ಮನ್. “ಇದು ಕಚೇರಿಗೆ ನಲವತ್ತು ವರ್ಷಗಳಿಂದ ತಿಳಿದಿರುವ ಸಂಗತಿ. ನೂರೈವತ್ತು ವರ್ಷ ಒಂದು ಕಣಿವೆಯವರು ಆಡಿದ ಮಾತು ಆ ಕಣಿವೆಯದೇ ಆಗುತ್ತದೆ. ದಯವಿಟ್ಟು ಅಡುಗೆ ಮುಂದುವರಿಸಿ” ಎಂದಳು. ನಾನು ಕೂತು ಚಾಕು ಎತ್ತಿಕೊಂಡೆ. ನನ್ನದು ಎಂದು ಉಳಿದಿದ್ದ ಹನ್ನೊಂದು ಮಾತೂ ಅವರದಾದವು. ಮಗಳಿಗೂ ನನಗೂ ನಡುವಿನ ದೂರ ಮಾತ್ರ ಇದ್ದಷ್ಟೇ ಉಳಿಯಿತು.

ಆ ಬುಧವಾರ ಊರಿನವರು ಧೂಳು ತಂದು ಸುರಿದರು, ಒಬ್ಬರೂ ಮುಖ ನೋಡಲಿಲ್ಲ. ಗುರುವಾರ ಗೊಟ್‌ಹಿಲ್ಫ್ ಬಂದು ಮೆಟ್ಟಿಲ ಮೇಲೆ ಕೂತ. “ಉಳ್ಳಾಗಡ್ಡಿನೂ ನಿಮ್ಮದ? ನಮ್ಮಪ್ಪ ಸಾಯೂಮುಂದ ಉಳ್ಳಾಗಡ್ಡಿ ಸಾರು ಬೇಡಿದ್ದ” ಎಂದ. ಆಮೇಲೆ, “ಹೋಗವಾ, ಮಗಳ ಕಡೆ ಹೋಗು. ನನಗ ಎಂಬತ್ತೆಂಟು, ನೀರು ಬಂದು ಏನ್ ಮಾಡ್ತದ” ಎಂದ. ಅವನಿಗೇನೋ ಎಂಬತ್ತೆಂಟು, ರೋಸ್ಲೆಯ ಕಿರಿಯ ಮಗುವಿಗೆ ಒಂಬತ್ತು ತಿಂಗಳು. ಗಂಟು ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ, ಮತ್ತೆ ಬಿಚ್ಚಿದೆ. ನಾನು ದೊಡ್ಡ ಮನಸ್ಸಿನವಳೆಂದು ತಿಳಿಯಬೇಡ. ಕಣಿವೆಯ ಬಾಗಿಲವರೆಗೆ ಎರಡು ಸಲ ಹೋಗಿ ಬಂದಿದ್ದೇನೆ, ಕಾಲು ಮುಂದೆ ಬರಲಿಲ್ಲ. ಅಲ್ಲಿಂದ ಹಿಂದಿರುಗಿ ಬರುವಾಗ ಈ ಊರಿನವರನ್ನೂ, ನಿನ್ನನ್ನೂ, ನನ್ನನ್ನೂ ಬಾಯಿಗೆ ಬಂದ ಹಾಗೆ ಬೈದುಕೊಂಡಿದ್ದೇನೆ, ಅದೂ ಶ್ವಾಬಿಯಾ ಮಾತಿನಲ್ಲಿ.

ಈಗ ನನ್ನ ಬೇಡಿಕೆ. ಆ ನೋಟುಬುಕ್ಕು ಇನ್ನೂ ಖಾಲಿ ಇದ್ದರೆ ಖಾಲಿಯೇ ಇರಲಿ. ಫ್ರೀಡಾಗೆ ಚಳಿಯಾದರೆ ಕೌದಿ ಹೊದಿಸು, ಅವಳ ಬಾಯಿಗೆ ಗ್ಸೆಲ್ಸ್ ಹಚ್ಚಿದ ಬ್ರೆಡ್ಡು ಇಡು, ಅವಳು ಏನು ಕೇಳಿದರೂ ತಿಳಿದುಕೊ. ತಿಳಿಯದಿದ್ದರೆ ಪಕ್ಕದಲ್ಲಿ ಕೂತು ತಿಳಿಯುವ ತನಕ ಮಾತಾಡು. ಅವಳ ಮಾತು ನಿನ್ನ ಬಾಯಲ್ಲಿ, ನಿನ್ನ ಮಾತು ಅವಳ ಬಾಯಲ್ಲಿ ಎಷ್ಟು ಬೇಕಾದರೂ ಓಡಾಡಲಿ. ಬರೆದು ಮಾತ್ರ ಇಡಬೇಡ. ಗೆರೆ ಹೊಡೆಯಬೇಡ, ಎಣಿಸಬೇಡ. ಅವಳು ಸತ್ತ ದಿನ ಅತ್ತು, ಮಾತುಗಳನ್ನು ಅವಳ ಜೊತೆಗೇ ಕಳುಹಿಸಿಬಿಡು. ಪಟ್ಟಿಯೇ ಇಲ್ಲದೆ ಈ ಕಣಿವೆ ಎಂದೋ ಮುಳುಗಿರುತ್ತದೆ. ರೋಸ್ಲೆ, ಗೊಟ್‌ಹಿಲ್ಫ್ ಬೇರೆಲ್ಲೋ ಹುಟ್ಟುತ್ತಾರೆ, ಅವರು ಅಲ್ಲಿ ಸುಖವಾಗಿರುತ್ತಾರೆಂದು ನಾನು ಸುಳ್ಳು ಹೇಳುವುದಿಲ್ಲ. ಪಾಪದ ಕೆಲಸವನ್ನೇ ಬೇಡುತ್ತಿದ್ದೇನೆ, ಗೊತ್ತಿದ್ದೂ ಬೇಡುತ್ತಿದ್ದೇನೆ. ನನ್ನ ಚಂಪಾಗೆ ಬರೀ ನೆಗಡಿಯಾದರೂ ಗಾಡಿ ಹತ್ತಿ ಹೋಗಿ ನೋಡಿಕೊಂಡು ಬರುವಂಥ ಒಂದು ಬಾಳು ನನಗೂ ಇರಲಿ, ಅಜ್ಜಿ.

ನಿನ್ನ ಮೊಮ್ಮಗಳ ಮೊಮ್ಮಗಳು,
ನೀಲವ್ವ